ಮಿತಪರಿಗ್ರಹ: ಮುಳ್ಳೂರಿನ ಶಾಸನದಿಂದ ಮನೆಯ ಅಟ್ಟದವರೆಗೆ

ಶನಿವಾರಸಂತೆಯೆಂಬ ಊರಿನ ಹೆಸರೇ ಆ ಊರಿನ ಬಾಳುವೆಯನ್ನು ಹೇಳುತ್ತದೆ. ವಾರಕ್ಕೊಮ್ಮೆ ಸುತ್ತಣ ಹಳ್ಳಿಗಳವರು ತಮ್ಮಲ್ಲಿ ಮಿಕ್ಕುದನ್ನು ತಂದು ಮಾರಿ, ತಮ್ಮಲ್ಲಿಲ್ಲದುದನ್ನು ಕೊಂಡೊಯ್ಯುವ ಸ್ಥಳವೇ ಸಂತೆ. ಮಿಕ್ಕುದು ಹೊರಗೆ ಹೋಗುತ್ತದೆ, ಬೇಕಾದುದು ಒಳಗೆ ಬರುತ್ತದೆ. ಸಂಜೆಯಾಗುತ್ತಲೇ ಸಂತೆಮಾಳ ಬರಿದಾಗುತ್ತದೆ. ಈ ವ್ಯವಸ್ಥೆ ಮನೆಯೊಳಗೆ ಮಾತ್ರ ನಡೆಯುವುದಿಲ್ಲ. ಮನೆಗೆ ಬಂದ ವಸ್ತು ಮೊದಲು ನಡುಮನೆಯಲ್ಲಿದ್ದು, ಬಳಿಕ ಮೂಲೆಗೆ ಸರಿದು, ಕಡೆಗೆ ಅಟ್ಟವನ್ನೇರುತ್ತದೆ. ಅಲ್ಲಿ ಮುರಿದ ತೊಟ್ಟಿಲು, ತಳ ತೂತಾದ ತಾಮ್ರದ ಹಂಡೆ, ಬೀಗದ ಕೈ ಕಳೆದುಹೋದ ಟ್ರಂಕು, ಹಳೆಯ ಪಂಚಾಂಗಗಳ ಕಟ್ಟು, ಖಾಲಿ ಗೋಣಿಚೀಲ ಇವೆಲ್ಲ ಒಂದರ ಮೇಲೊಂದು ಕುಳಿತು ಒಂದೆರಡು ತಲೆಮಾರು ಕಳೆಯುತ್ತವೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದ ಈ ಸೀಮೆಯಲ್ಲಿ ಅಂಥ ಅಟ್ಟವು ಬೂಷ್ಟಿಗೂ ಗೆದ್ದಲಿಗೂ ತವರು. ಆದರೂ ಅದನ್ನು ಬರಿದು ಮಾಡಲು ಮನಸ್ಸು ಬಾರದು. ಇಳಿಸಿದ ವಸ್ತುವನ್ನು ಒಮ್ಮೆ ಒರೆಸಿ, ಹಿಂದುಮುಂದು ನೋಡಿ, ‘ಇರಲಿ, ಎಂದಾದರೂ ಬೇಕಾದೀತು’ ಎಂದು ಮತ್ತೆ ಅಲ್ಲಿಯೇ ಇರಿಸುವುದು ಎಲ್ಲ ಮನೆಗಳ ಅನುಭವ.

ಇದು ಕೇವಲ ಸೋಮಾರಿತನವಲ್ಲ. ಇದರ ಹಿಂದೆ ಮನಸ್ಸಿನ ಒಂದು ವ್ಯಾಪಾರವಿದೆಯೆಂಬುದನ್ನು ಜೈನಾಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಅಷ್ಟೇ ಅಲ್ಲ, ಗೃಹಸ್ಥನಾದವನು ಅದನ್ನು ಹೇಗೆ ನಿರ್ವಹಿಸಬೇಕೆಂಬುದನ್ನು ವ್ರತರೂಪದಲ್ಲಿ ವಿಧಿಸಿದ್ದರು. ಆ ವ್ರತದ ಚರಿತ್ರೆಯನ್ನು ಅರಸಹೊರಟವರಿಗೆ ಶನಿವಾರಸಂತೆಯ ಸಮೀಪದಲ್ಲಿಯೇ, ಮುಳ್ಳೂರಿನ ಬಸದಿಗಳ ಅಂಗಳದಲ್ಲಿಯೇ, ಮೊದಲ ಸಾಕ್ಷ್ಯ ದೊರೆಯುವುದು ವಿಶೇಷ.

ಕೊಡಗಿನಲ್ಲಿ ಜೈನಧರ್ಮದ ನೆಲೆ ಬಹು ಪ್ರಾಚೀನವಾದುದು. ಗಂಗರ ಕಾಲದ ಬಿಳಿಯೂರಿನ ಶಾಸನವು ಕ್ರಿ.ಶ. 888ರ ಸುಮಾರಿನಲ್ಲಿ ಸತ್ಯವಾಕ್ಯ ಜಿನಾಲಯಕ್ಕೆ ನಡೆದ ದತ್ತಿಯನ್ನು ಹೇಳುತ್ತದೆ. ಪೆಗ್ಗೂರಿನ ಶಾಸನವು ಅದಾದ ಸುಮಾರು 90 ವರ್ಷಗಳ ಬಳಿಕ, ರಾಚಮಲ್ಲನ ಆಳ್ವಿಕೆಯಲ್ಲಿ, ರಕ್ಕಸನು ಅನಂತವೀರ್ಯರಿಗೆ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ಗಂಗರ ತರುವಾಯ ಉತ್ತರ ಕೊಡಗನ್ನೂ ಅದಕ್ಕೆ ಹೊಂದಿದ ಅರಕಲಗೂಡಿನ ಸೀಮೆಯನ್ನೂ ಆಳಿದವರು ಕೊಂಗಾಳ್ವರು. ಕ್ರಿ.ಶ. 1004ರ ಸುಮಾರಿಗೆ ಪಣಸೋಗೆಯ ಕಾಳಗದಲ್ಲಿ ಚೋಳರ ಪಕ್ಷದಲ್ಲಿ ಪರಾಕ್ರಮ ತೋರಿದ ಮನಿಜನೆಂಬ ವೀರನಿಗೆ ರಾಜರಾಜ ಚೋಳನು ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ನೆಂಬ ಬಿರುದನ್ನೂ ಮಾಲವ್ವಿಯನ್ನೂ ಕೊಡಿಸಿದನೆಂದು ಶಾಸನಗಳಿಂದ ತಿಳಿದುಬರುತ್ತದೆ. ಆ ಮಾಲವ್ವಿಯೇ ಇಂದಿನ ಮಾಲಂಬಿ.

ಈ ವಂಶದ ರಾಜೇಂದ್ರ ಚೋಳ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಮುಳ್ಳೂರಿನ ಬಸದಿಗೆ 1058ರಲ್ಲಿ ಭೂದಾನ ಮಾಡಿದನು. ಅವನ ತಾಯಿ ಪೋಚಬ್ಬರಸಿಯೂ ಪರಮ ಜಿನಭಕ್ತೆ. ಅವಳ ಗುರುಗಳು ದ್ರವಿಳ ಗಣ, ನಂದಿ ಸಂಘ, ಅರುಂಗಳಾನ್ವಯದ ಗುಣಸೇನ ಪಂಡಿತರು. ಅರಸನ ಮನೆತನವೇ ಪಾದಕ್ಕೆರಗುತ್ತಿದ್ದ ಈ ಗುರುಗಳ ಹೆಸರಿನಲ್ಲಿ ಮುಳ್ಳೂರಿನಲ್ಲಿ ಒಂದು ಚಿಕ್ಕ ಶಾಸನವೂ ಇದೆ. ಊರಿನ ನಕರಕ್ಕೆ, ಅಂದರೆ ವರ್ತಕರ ಸಮೂಹಕ್ಕೆ, ಧರ್ಮಾರ್ಥವಾಗಿ ಅವರು ನಾಗಬಾವಿಯನ್ನು ತೋಡಿಸಿದರೆಂಬುದು ಅದರ ಸಾರಾಂಶ. ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲು ಪ್ರಕಟಿಸಿ 1914ರಲ್ಲಿ ಪರಿಷ್ಕರಿಸಿದ ಕೊಡಗಿನ ಶಾಸನಸಂಪುಟದಲ್ಲಿ ಇವೆಲ್ಲವೂ ಸೇರಿವೆ. ಪಿಂಛಿ ಕಮಂಡಲುಗಳ ಹೊರತು ಬೇರೊಂದು ವಸ್ತುವಿಲ್ಲದ ಪರಂಪರೆಗೆ ಸೇರಿದ ಗುರುಗಳು, ಸಂಗ್ರಹವೇ ವೃತ್ತಿಯಾದ ವರ್ತಕರಿಗೆ ಒಂದು ಬಾವಿಯನ್ನು ಬಿಟ್ಟುಹೋದರು. ಬಾವಿಯ ನೀರು ಸೇದಿದಷ್ಟೂ ಊರುತ್ತದೆ, ಸೇದದಿದ್ದರೆ ಕೆಡುತ್ತದೆ. ಶಾಸನ ಅದನ್ನೇನೂ ವಿವರಿಸುವುದಿಲ್ಲ. ವರ್ತಕರಿಗೆ ವಿವರಿಸಬೇಕಾಗಿಯೂ ಇರಲಿಲ್ಲ.

ಈ ದಾನಗಳ ಕ್ರಮದಲ್ಲಿ ಗಮನಿಸತಕ್ಕ ಒಂದಂಶವಿದೆ. ಅಂದು ದಾನವು ಕೇವಲ ಬಾಯಿಮಾತಿನಿಂದ ಮುಗಿಯುತ್ತಿರಲಿಲ್ಲ. ಧಾರಾಪೂರ್ವಕವಾಗಿ, ಅಂದರೆ ಪಡೆಯುವವರ ಕೈಗೆ ನೀರೆರೆದು ಕೊಡಬೇಕಾಗಿತ್ತು. ಸಾಕ್ಷಿಗಳು ನೋಡುತ್ತಿರುವಾಗ ಕೈಯಿಂದ ಜಾರಿದ ನೀರನ್ನು ಮರಳಿ ತುಂಬಿಕೊಳ್ಳಲಾಗದು. ಆ ಬಳಿಕ ಕಲ್ಲಿನಲ್ಲಿ ಬರೆಸಿ, ಕಡೆಯಲ್ಲಿ ಶಾಪಾಶಯವನ್ನು ಸೇರಿಸುತ್ತಿದ್ದರು. ಆ ಶಾಪ ದಾನವನ್ನು ಅಪಹರಿಸುವ ಪರರಿಗೆ ಮಾತ್ರವಲ್ಲ, ತಾನೇ ಕೊಟ್ಟುದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವವನಿಗೂ ತಟ್ಟುತ್ತದೆ. ಕೊಟ್ಟ ಕೈಗೇ ಮರುದಿನ ಪಶ್ಚಾತ್ತಾಪ ಮೂಡುವುದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಹಳೆಯ ಪಾತ್ರೆಗಳನ್ನು ಬೆಳಗ್ಗೆ ಹಿತ್ತಿಲಿಗೆ ಹಾಕಿ ಸಂಜೆ ಅವುಗಳಲ್ಲಿ ನಾಲ್ಕನ್ನು ಒಳಗೆ ತರುವ ಗೃಹಿಣಿಗೂ ಯಜಮಾನನಿಗೂ ಈ ಶಾಪಾಶಯದ ಮರ್ಮ ತಿಳಿಯದಿರದು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನೇ ಎತ್ತಿಲ್ಲ. ಪರಿಗ್ರಹವೆಂದರೆ ಮೂರ್ಛೆ ಎಂಬುದೇ ಅಲ್ಲಿಯ ನಿರೂಪಣೆ. ಮೂರ್ಛೆಯೆಂದರೆ ‘ಇದು ನನ್ನದು’ ಎಂಬ ಮಮತ್ವದಲ್ಲಿ ಮೈಮರೆಯುವುದು. ಆಚಾರ್ಯರು ಪರಿಗ್ರಹವನ್ನು ಬಾಹ್ಯ, ಆಭ್ಯಂತರ ಎಂದು ವಿಭಜಿಸಿದರು. ಬಾಹ್ಯವಾದವು ಹತ್ತು: ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪರಟಿ. ಆಭ್ಯಂತರವಾದವು ಹದಿನಾಲ್ಕು: ಮಿಥ್ಯಾತ್ವ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯ ರತಿ ಅರತಿ ಶೋಕ ಭಯ ಜುಗುಪ್ಸೆಗಳು, ಮೂರು ವೇದಗಳು. ಹೊರಗಿನದಕ್ಕಿಂತ ಒಳಗಿನ ಪಟ್ಟಿಯೇ ದೊಡ್ಡದು. ಅದರಲ್ಲಿಯೂ ಭಯವನ್ನೂ ಶೋಕವನ್ನೂ ಪರಿಗ್ರಹವೆಂದು ಎಣಿಸಿರುವುದು ಆಳವಾದ ಮನೋವಿಜ್ಞಾನ.

ಅಟ್ಟದ ಮೇಲಿರುವುದನ್ನು ಈ ಪಟ್ಟಿಯ ಬೆಳಕಿನಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ‘ಎಂದಾದರೂ ಬೇಕಾದೀತು’ ಎಂದು ಇರಿಸಿದ ಹರಿದ ಗೋಣಿಚೀಲವು ವಾಸ್ತವವಾಗಿ ಭಯದ ಚೀಲ. ಬರವನ್ನೂ ಪಡಿತರವನ್ನೂ ಕಂಡ ತಲೆಮಾರಿನವರಿಗೆ ಆ ಭಯ ಅಕಾರಣವೂ ಅಲ್ಲ. ತೀರಿಕೊಂಡ ತಾಯಿಯ ಸೀರೆಗಳಿರುವ ಪೆಟ್ಟಿಗೆ ಶೋಕದ ಪೆಟ್ಟಿಗೆ. ಯಾರೂ ಉಪಯೋಗಿಸದ ದೊಡ್ಡ ಹಿತ್ತಾಳೆ ಕೊಪ್ಪರಿಗೆ, ಒಂದು ಕಾಲಕ್ಕೆ ಮನೆಯಲ್ಲಿ ನೂರು ಜನರಿಗೆ ಅಡುಗೆಯಾಗುತ್ತಿತ್ತೆಂಬ ಮಾನಕಷಾಯದ ಗುರುತು. ಅಣ್ಣತಮ್ಮಂದಿರು ಪಾಲಾದಾಗ ಹಟದಿಂದ ಪಡೆದುಕೊಂಡ ಮಂಚವೊಂದು ಕ್ರೋಧದ ಭಾರದಿಂದಲೇ ಕದಲದೆ ನಿಂತಿರುತ್ತದೆ. ಹೊರಗಿನ ವಸ್ತುವನ್ನು ಎತ್ತಿ ಎಸೆದ ಮಾತ್ರಕ್ಕೆ ಒಳಗಿನದು ಹೋಗುವುದಿಲ್ಲ. ಒಳಗಿನದನ್ನು ಗುರುತಿಸಿದರೆ ಹೊರಗಿನದು ತಾನಾಗಿ ಹಗುರಾಗುತ್ತದೆ.

ಆಧುನಿಕ ಮನೋವಿಜ್ಞಾನವೂ ಈ ದಾರಿಯಲ್ಲಿಯೇ ಬಂದಿದೆ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತಮ್ಮ ಮಹಾಗ್ರಂಥದಲ್ಲಿ, ಮನುಷ್ಯನು ತನ್ನದೆಂದು ಹೇಳಿಕೊಳ್ಳಬಲ್ಲ ಎಲ್ಲದರ ಮೊತ್ತವೇ ಅವನ ‘ನಾನು’ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. 1990ರಲ್ಲಿ ಕಾನ್ಮನ್, ನೆಚ್, ಥೇಲರ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಒಂದೇ ಬಗೆಯ ಕಾಫಿ ಬಟ್ಟಲುಗಳನ್ನು ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕೊಟ್ಟು, ಬಳಿಕ ಮಾರಾಟಕ್ಕೆ ಅವಕಾಶ ಮಾಡಿದಾಗ, ಬಟ್ಟಲು ಪಡೆದವರು ಕೇಳಿದ ಬೆಲೆ ಪಡೆಯದವರು ಕೊಡಲೊಪ್ಪಿದ ಬೆಲೆಯ ಸುಮಾರು ಇಮ್ಮಡಿಯಾಗಿತ್ತು. ಬಟ್ಟಲು ಅವರ ಕೈಗೆ ಬಂದು ಬಹಳ ಹೊತ್ತೂ ಆಗಿರಲಿಲ್ಲ. ಅಷ್ಟರಲ್ಲಿಯೇ ಮೂರ್ಛೆ ತನ್ನ ಕೆಲಸ ಮಾಡಿತ್ತು. ಸ್ಯಾಕ್ಸ್‌ಬಿ ಮತ್ತು ರೆಪೆಟಿ ಎಂಬ ವಿದುಷಿಯರು 2010ರಲ್ಲಿ ಲಾಸ್ ಏಂಜಲೀಸಿನ 30 ದಂಪತಿಗಳನ್ನು ಅಧ್ಯಯನ ಮಾಡಿ, ತಮ್ಮ ಮನೆ ಸಾಮಾನುಗಳಿಂದ ಕಿಕ್ಕಿರಿದಿದೆ, ಕೆಲಸ ಮುಗಿಯುವುದೇ ಇಲ್ಲ ಎಂದು ವರ್ಣಿಸಿದ ಗೃಹಿಣಿಯರ ದೇಹದಲ್ಲಿ, ಬೆಳಗಿನಿಂದ ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಸ್ರಾವವು ಸರಿಯಾಗಿ ಇಳಿಯುತ್ತಿರಲಿಲ್ಲವೆಂದು ಕಂಡರು. ಏನನ್ನೂ ಬಿಡಲಾರದೆ ಮನೆ ತುಂಬಿಸುವ ಅತಿರೇಕವನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಪರಿಗಣಿಸಿತು. ಅಂಥ ಕಾಯಿಲೆಯುಳ್ಳವರನ್ನು ಲೋಭಿಗಳೆಂದು ಹಳಿಯುವುದು ಯುಕ್ತವಲ್ಲ. ಅವರಿಗೆ ಬೇಕಾದುದು ಉಪದೇಶವಲ್ಲ, ಚಿಕಿತ್ಸೆ.

ಶ್ರಾವಕನಿಗೆ ವಿಧಿಸಿದ ವ್ರತವು ಪರಿಗ್ರಹತ್ಯಾಗವಲ್ಲ, ಪರಿಗ್ರಹ ಪರಿಮಾಣ. ಗಳಿಸಬಾರದೆಂದು ಹೇಳಿಲ್ಲ, ಎಷ್ಟು ಸಾಕೆಂಬುದನ್ನು ಮೊದಲೇ ನಿಶ್ಚಯಿಸಬೇಕೆಂದು ಹೇಳಿದೆ. ಮೊದಲೇ ಎಂಬ ಮಾತಿಗೆ ಇಲ್ಲಿ ತೂಕವಿದೆ. ವಸ್ತು ಕೈಗೆ ಬಂದ ಬಳಿಕ ಸಾಕೆನ್ನಲು ಮನಸ್ಸು ಒಪ್ಪದೆಂಬುದನ್ನು ಮೇಲಿನ ಬಟ್ಟಲಿನ ಪ್ರಯೋಗವೇ ತೋರಿಸಿದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ವಾಣಿಜ್ಯಗ್ರಾಮದ ಆನಂದನೆಂಬ ಗೃಹಪತಿಯ ಕಥೆಯಿದೆ. ಭಗವಾನ್ ಮಹಾವೀರರ ಸಮ್ಮುಖದಲ್ಲಿ ಅವನು ವ್ರತಗಳನ್ನು ಸ್ವೀಕರಿಸಿದನು. ಕೋಟಿಗಟ್ಟಲೆ ಹೊನ್ನು, ಹತ್ತು ಹತ್ತು ಸಾವಿರ ಹಸುಗಳ ನಾಲ್ಕು ಮಂದೆ, 500 ನೇಗಿಲುಗಳ ಭೂಮಿ ಇದ್ದ ಆ ಶ್ರೀಮಂತನು ಅಷ್ಟಕ್ಕೇ ಮಿತಿ ಹಾಕಿಕೊಂಡು, ಬಳಿಕ ಮನೆಯೊಳಗಿನ ಚಿಕ್ಕಚಿಕ್ಕ ವಸ್ತುಗಳಿಗೆ ಬರುತ್ತಾನೆ. ಮೈ ಒರೆಸಿಕೊಳ್ಳುವ ವಸ್ತ್ರ ಇಂಥದೊಂದು, ಹಲ್ಲುಜ್ಜುವ ಕಡ್ಡಿ ಇಂಥದು, ಹಚ್ಚಿಕೊಳ್ಳುವ ಎಣ್ಣೆ ಇಂಥದು, ಮೀಯುವ ನೀರು ಎಂಟು ಕೊಡ, ಉಡಲು ಹತ್ತಿಯ ಬಟ್ಟೆಯ ಒಂದು ಜೊತೆ, ಹೀಗೆ ಒಂದೊಂದನ್ನೂ ಹೆಸರಿಸಿ ಉಳಿದುದನ್ನು ಬಿಡುತ್ತಾನೆ. ಕೋಟಿ ಹೊನ್ನನ್ನು ಹಾಗೆಯೇ ಇಟ್ಟುಕೊಂಡು ಹಲ್ಲುಕಡ್ಡಿಗೆ ಮಿತಿ ಹಾಕಿದನಲ್ಲಾ ಎಂದು ನಗುವವರಿರಬಹುದು. ಆದರೆ ಇದರಲ್ಲಿ ವಿವೇಕವಿದೆ. ತನ್ನ ಬಳಿ ಏನೇನಿದೆಯೆಂಬುದನ್ನು ಬಾಯಿಬಿಟ್ಟು ಎಣಿಸುವವನು ಆ ವಸ್ತುಗಳನ್ನು ಮೊದಲ ಬಾರಿಗೆ ನೋಡುತ್ತಾನೆ. ಎಣಿಸದ ಮನೆಯಲ್ಲಿ ಮೂರು ಈಳಿಗೆಮಣೆಗಳಿದ್ದರೂ ನಾಲ್ಕನೆಯದನ್ನು ಕೊಳ್ಳುತ್ತಾರೆ.

ವ್ರತ ಹಿಡಿದ ಮನಸ್ಸು ಹುಡುಕುವ ಒಳದಾರಿಗಳೂ ಆಚಾರ್ಯರಿಗೆ ತಿಳಿದಿದ್ದವು. ಹನ್ನೆರಡನೆಯ ಶತಮಾನದ ಹೇಮಚಂದ್ರರೂ ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ವಿವರಿಸುವ ಅತಿಚಾರಗಳನ್ನು ಓದಿದರೆ ಮಂದಹಾಸ ಮೂಡದಿರದು. ಒಂದೇ ಮನೆ ಎಂದು ವ್ರತ ಹಿಡಿದವನು ಪಕ್ಕದ ಮನೆಯನ್ನು ಕೊಂಡು ನಡುಗೋಡೆಯನ್ನು ಕೆಡವಿ ಎರಡನ್ನೂ ಒಂದೆನ್ನುತ್ತಾನೆ. ಹೊಲದ ಬೇಲಿ ಕಿತ್ತು ಎರಡು ಹೊಲಗಳನ್ನು ಒಂದಾಗಿಸುತ್ತಾನೆ. ಮಿತಿ ಮೀರಿದ ಧಾನ್ಯವನ್ನು ಮೂಟೆ ಕಟ್ಟಿ, ವ್ರತದ ಅವಧಿ ಮುಗಿಯುವವರೆಗೆ ಬೇರೆಯವರ ಮನೆಯಲ್ಲಿಡುತ್ತಾನೆ. ಬಂಗಾರವನ್ನು ಮತ್ತೊಬ್ಬರಿಗೆ ಕೊಟ್ಟಂತೆ ಮಾಡಿ ತಾನೇ ಒಡೆಯನಾಗಿರುತ್ತಾನೆ. ಹಸುವಿನ ಗರ್ಭದಲ್ಲಿರುವ ಕರುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ತಟ್ಟೆಗಳ ಮಿತಿ ಮೀರಿದರೆ ಅವನ್ನು ಕರಗಿಸಿ ದೊಡ್ಡ ತಟ್ಟೆಗಳನ್ನು ಮಾಡಿಸಿ ಎಣಿಕೆಯನ್ನು ಸರಿಪಡಿಸುತ್ತಾನೆ! ಇಂದಿನ ಮನೆಗಳಲ್ಲಿ ಸಾಮಾನು ಕಡಿಮೆ ಮಾಡುವ ನೆಪದಲ್ಲಿ ದೊಡ್ಡ ಬೀರುವನ್ನು ಕೊಂಡು ಎಲ್ಲವನ್ನೂ ಅದರೊಳಗೆ ತುರುಕುವುದು ಈ ಕೊನೆಯ ಅತಿಚಾರಕ್ಕೆ ಸಮೀಪದ ನೆಂಟ. ಇನ್ನು ಮನೆಗೆ ಬೇಡವಾದ ಮುರುಕು ವಸ್ತುಗಳನ್ನು ಬಸದಿಯ ಉಗ್ರಾಣಕ್ಕೆ ಒಪ್ಪಿಸಿ ದಾನವೆಂದು ಭಾವಿಸುವವರನ್ನು ಆಚಾರ್ಯರು ಹೆಸರಿಸಿಲ್ಲ. ಬಸದಿಯ ಉಗ್ರಾಣಿಕರು ಬಲ್ಲರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಗಣನೆ ಇನ್ನೊಂದು ಬಗೆಯದು. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಐದರಲ್ಲಿ ಅತಿವಿಸ್ಮಯವೆಂಬುದು ಪರರ ಸಿರಿಯನ್ನು ಕಂಡು ಬೆರಗಾಗುವ ಮನಸ್ಥಿತಿ. ಕೊಳ್ಳುವಿಕೆಯ ಮೂಲ ಬಹಳ ಮಟ್ಟಿಗೆ ನೆರೆಮನೆಯಲ್ಲಿರುತ್ತದೆ. ಅತಿಭಾರವಹನವೆಂದರೆ ಲಾಭಕ್ಕಾಗಿ ಪಶುಗಳ ಮೇಲೆ ಮಿತಿಮೀರಿ ಹೇರುವುದು. ಒಬ್ಬನ ಸಂಗ್ರಹದ ಭಾರವನ್ನು ಹೊರುವುದು ಮತ್ತೊಂದು ಜೀವವೆಂಬುದನ್ನು ಕೃತಿಕಾರರು ಮರೆತಿಲ್ಲ. ಅಟ್ಟದ ಕೆಳಗೆ ಧೂಳು ಗುಡಿಸುವವರು ಸಾಮಾನ್ಯವಾಗಿ ಅಟ್ಟಕ್ಕೆ ಸಾಮಾನು ಏರಿಸಿದವರಲ್ಲ.

ಶ್ರಾವಕಿಯರು ಈ ವಿಷಯವನ್ನು ಶಾಸ್ತ್ರದ ಹೆಸರೆತ್ತದೆಯೇ ಅಡುಗೆಮನೆಯಲ್ಲಿ ಪಾಲಿಸಿಕೊಂಡು ಬಂದಿದ್ದಾರೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಮರ್ಯಾದೆ ದಿಗಂಬರ ಮನೆತನಗಳಲ್ಲಿ ರೂಢವಾಗಿದೆ. ಅವಧಿ ಮೀರಿದ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಗುವುದರಿಂದ ಅದು ವರ್ಜ್ಯ. ಉದ್ದೇಶ ಅಹಿಂಸೆ; ಫಲವಾಗಿ ಡಬ್ಬಿಗಳು ತಾವಾಗಿ ಬರಿದಾಗುತ್ತಿದ್ದವು. ಮಳೆ ಹಿಡಿದರೆ ತಿಂಗಳುಗಟ್ಟಲೆ ಗೋಡೆ ಬೆವರುವ ಕೊಡಗಿನಂಥ ಸೀಮೆಯಲ್ಲಿ ಈ ಮೂರು ದಿನದ ಕಟ್ಟಳೆಯ ಬೆಲೆ ಹೇಳಬೇಕಾಗಿಲ್ಲ. ತುಂಬಿದ ಮೂಲೆಯನ್ನು ವರ್ಷಕ್ಕೊಮ್ಮೆ ಕೆದಕಿದಾಗ ಸಾಯುವ ಜೀವಗಳ ಸಂಖ್ಯೆ ದೊಡ್ಡದು. ದಿನವೂ ಗುಡಿಸುವ ಬರಿಯ ಮೂಲೆಯಲ್ಲಿ ಅವು ಮನೆ ಮಾಡುವುದೇ ಇಲ್ಲ.

ಆದರೆ ಬರಿದು ಮಾಡುವ ಉತ್ಸಾಹಕ್ಕೂ ಒಂದು ಪರಿಮಾಣ ಬೇಕು. ಇಲ್ಲಿ ನಮ್ಮ ಸಮಾಜದ ಚರಿತ್ರೆ ಎರಡು ವಿರುದ್ಧ ಪಾಠಗಳನ್ನು ಒಡ್ಡುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಉಳಿದುಬಂದವು. ಅವನ್ನು ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿಯೂ ಪೂಜಿಸಿ ಕಾದವರಿದ್ದುದರಿಂದಲೇ, 1939ರಿಂದ ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗಲು ಸಾಧ್ಯವಾಯಿತು. ಉಪಯೋಗವಿಲ್ಲವೆಂದು ಅಂದು ಯಾರಾದರೂ ಹೊರಗೆ ಹಾಕಿದ್ದರೆ ಷಟ್ಖಂಡಾಗಮವೇ ನಷ್ಟವಾಗುತ್ತಿತ್ತು. ಇತ್ತ ಪೊನ್ನನ ಭುವನೈಕರಾಮಾಭ್ಯುದಯ, ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಇಂದು ಹೆಸರಾಗಿ ಮಾತ್ರ ಉಳಿದಿವೆ. ಅವುಗಳ ಕಟ್ಟಕಡೆಯ ಪ್ರತಿಗಳು ಯಾವ ಮನೆಯ ಯಾವ ಅಟ್ಟದಲ್ಲಿ ಗೆದ್ದಲಿಗೆ ತುತ್ತಾದುವೋ!

ಇಲ್ಲಿ ಇಡುವುದಕ್ಕೂ ಬಿಡುವುದಕ್ಕೂ ನಡುವಣ ಒಂದು ದಾರಿಯನ್ನು ನಮ್ಮ ಮಹಿಳೆಯರು ಕಂಡುಕೊಂಡಿದ್ದರು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಸಾವಿರ ಕೈಗಳಿಗೆ ಹೋದ ಆ ಕೃತಿ ಉಳಿಯಿತು, ಪೊನ್ನನ ಇನ್ನೊಂದು ಕೃತಿ ಅಳಿಯಿತು. ಮೂಡಬಿದಿರೆಯ ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆಯೆಂಬ ಶ್ರಾವಕಿ. ಶ್ರೀಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯಲ್ಲಿ ಆಕೆ ಅದನ್ನು ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ತನ್ನ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಅದು ಆಕೆಯ ಸೊತ್ತಾಗಿ ಆಕೆಯೊಂದಿಗೆ ಮುಗಿಯುತ್ತಿತ್ತು. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವಸ್ತ್ರದಲ್ಲಿ ಕಟ್ಟುವ ಆಚರಣೆಯೂ ಈ ಮನೋಧರ್ಮದ್ದೇ. ಮುಂಗಾರು ಕಾಲಿಡುವ ಹೊತ್ತಿಗೆ ಸರಿಯಾಗಿ ಈ ಪರ್ವ ಬರುವುದನ್ನು ಕೊಡಗಿನವರು ವಿಶೇಷವಾಗಿ ಗಮನಿಸಬೇಕು. ಇಂದು ತೋಟದ ಮನೆಗಳನ್ನು ಮಾರಿ ಮಕ್ಕಳಿರುವ ನಗರಗಳಿಗೆ ತೆರಳುವ ಕುಟುಂಬಗಳು ಒಂದೆರಡು ದಿನಗಳಲ್ಲಿ ಅಟ್ಟವನ್ನು ಬರಿದು ಮಾಡಿ, ಹಳೆಯ ಕಾಗದದೊಡನೆ ಓಲೆಕಟ್ಟನ್ನೂ ಬಸ್ತ್ರವನ್ನೂ ಗುಜರಿಯವನ ತಕ್ಕಡಿಗೆ ಹಾಕುವ ಸಂಭವವುಂಟು. ಹಂಡೆ ಹೋದರೆ ಹೋಗಲಿ. ಅಕ್ಷರವಿರುವುದನ್ನು ಬಲ್ಲವರೊಬ್ಬರಿಗೆ ತೋರಿಸದೆ ತೂಕಕ್ಕೆ ಹಾಕಬಾರದು.

ವಯಸ್ಸಾದವರ ವಿಷಯದಲ್ಲಿ ಶಾಸ್ತ್ರ ತೋರುವ ಕಾರುಣ್ಯವೂ ಗಮನಾರ್ಹವಾದುದು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಪರಿಗ್ರಹತ್ಯಾಗವು ಒಂಬತ್ತನೆಯದು. ಅದಕ್ಕೆ ಮೊದಲು ಎಂಟು ಮೆಟ್ಟಿಲುಗಳಿವೆ. ಬಿಡುವುದನ್ನು ಒಮ್ಮೆಗೇ ಹೇರಬಾರದೆಂಬುದೇ ಇದರ ತಾತ್ಪರ್ಯ. ಜಿನಸೇನಾಚಾರ್ಯರು ಹೇಳುವ ನಾಲ್ಕು ದತ್ತಿಗಳಲ್ಲಿ ಅನ್ವಯದತ್ತಿಯೆಂಬುದು ಯಜಮಾನನು ಮನೆವಾರ್ತೆಯನ್ನೆಲ್ಲ ತಾನೇ ಮಗನಿಗೆ ಒಪ್ಪಿಸುವ ಕ್ರಮ. ಒಪ್ಪಿಸುವವನು ಹಿರಿಯನು, ಸ್ವೀಕರಿಸುವವನು ಕಿರಿಯನು. ಹಿರಿಯರು ಊರಿಗೆ ಹೋದ ಸಮಯ ನೋಡಿ ಅವರ ಕೋಣೆಯನ್ನು ಚೊಕ್ಕಟ ಮಾಡುವ ಮಕ್ಕಳು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ತಂದೆಯ ಊರುಗೋಲನ್ನು ಅವನ ಕೈಯಿಂದಲೇ ಮೊಮ್ಮಗನಿಗೆ ಕೊಡಿಸಿದರೆ ಅದು ದತ್ತಿ. ಅವನಿಲ್ಲದಾಗ ಒಲೆಗೆ ಹಾಕಿದರೆ ಅದು ಅಪಹರಣ.

ಪಂಚಕಲ್ಯಾಣದ ದೀಕ್ಷಾಕಲ್ಯಾಣದಂದು ಭಕ್ತರು ಕಾಣುವ ದೃಶ್ಯವೂ ಇದನ್ನೇ ಹೇಳುತ್ತದೆ. ನೀಲಾಂಜನೆಯ ನರ್ತನದ ನಡುವೆ ವೈರಾಗ್ಯ ತಳೆದ ಆದಿದೇವನು ತಕ್ಷಣ ಎದ್ದುಹೋಗಲಿಲ್ಲ. ಮೊದಲು ಮಕ್ಕಳಿಗೆ ರಾಜ್ಯವನ್ನು ಹಂಚಿ, ಬಂಧುಗಳ ಅನುಮತಿ ಪಡೆದು, ಆ ಬಳಿಕವೇ ಹೊರಟನು. ಬಾಹುಬಲಿಯ ಕಥೆ ಇನ್ನೂ ಸೂಕ್ಷ್ಮವಾದುದು. ಗೆದ್ದ ರಾಜ್ಯವನ್ನೇ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಬಳ್ಳಿ ಹಬ್ಬುವವರೆಗೂ ವರ್ಷಕಾಲ ನಿಂತವನಿಗೆ ತಾನು ನಿಂತ ನೆಲ ಭರತನದೆಂಬ ಒಂದು ಕೊರಗು ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಹೊರಗಿನ ಹತ್ತೂ ಹೋಗಿ ಒಳಗಿನ ಹದಿನಾಲ್ಕರಲ್ಲಿ ಎಳೆಯಷ್ಟು ಮಾತ್ರ ಮಿಕ್ಕಿತ್ತು. ಅದನ್ನು ಕಳೆಯಲು ತಪಸ್ಸು ಸಾಲದೆ, ಅಣ್ಣನಾದ ಭರತನೇ ಬಂದು ಎದುರಿಗೆ ಬಾಗಬೇಕಾಯಿತು. ಪಾಲಿನಲ್ಲಿ ಬಂದ ಮಂಚದ ಜಗಳವಿರುವ ಮನೆಗಳಲ್ಲಿಯೂ ಮಂಚವನ್ನು ಮಾರಿದರೆ ಸಾಲದು, ಅಣ್ಣತಮ್ಮಂದಿರಲ್ಲಿ ಒಬ್ಬರು ಇನ್ನೊಬ್ಬರ ಹೊಸಿಲು ತುಳಿಯಬೇಕಾಗುತ್ತದೆ.

ಮುಳ್ಳೂರಿನ ಗುಣಸೇನ ಪಂಡಿತರು ಶಕವರ್ಷ 986ರಲ್ಲಿ, ಅಂದರೆ 1064ರಲ್ಲಿ, ದೇಹವಿಟ್ಟರೆಂದು ಅಲ್ಲಿಯ ಶಾಸನವೇ ದಾಖಲಿಸುತ್ತದೆ. ಕೊಂಗಾಳ್ವರ ಅರಮನೆ ಇದ್ದ ಜಾಗವನ್ನು ಇಂದು ಬೆರಳಿಟ್ಟು ತೋರಿಸುವುದು ಕಷ್ಟ. ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ ಬಸದಿಗಳು ಮಾತ್ರ ಹೊಲಗದ್ದೆಗಳ ನಡುವೆ ನಿಂತಿವೆ. ತಾಯಿ ಮಗ ಇಬ್ಬರೂ ತಮ್ಮ ಉಗ್ರಾಣದಿಂದ ಹೊರಗೆ ಕೊಟ್ಟುದಷ್ಟೇ ಅವರ ಹೆಸರಿನಲ್ಲಿ ಈ ಸೀಮೆಯಲ್ಲಿ ಮಿಕ್ಕಿದೆ.